ಪಂಪಿಂಗ್ ಸರಿಯಾಯಿತೆಂದು ಮಾತ್ರೆ ನಿಲ್ಲಿಸಬೇಡಿ

ಮಾನ್ಯ ಸಂಪಾದಕರೇ,

ಹೃದಯದ ಕಾಯಿಲೆಯ ಬಗ್ಗೆ ಈಚಿನ ವರ್ಷಗಳಲ್ಲಿ ನಮ್ಮ ಪತ್ರಿಕೆಗಳು ಬರೆದಷ್ಟು ಹಿಂದೆಂದೂ ಬರೆದದ್ದು ನನಗೆ ನೆನಪಿಲ್ಲ. 2025ರ ಜೂನ್–ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ದಿನವೂ ಬರುತ್ತಿದ್ದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿ ನಿಂತ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಬಗ್ಗೆಯೂ ಸಾಕಷ್ಟು ಬಂದಿದೆ. ಇವೆಲ್ಲ ಬೇಕಾದದ್ದೇ. ಆದರೆ ಹೃದಯ ದುರ್ಬಲಗೊಂಡು, ಚಿಕಿತ್ಸೆಯಿಂದ ಚೇತರಿಸಿಕೊಂಡು, 'ಈಗ ನಾರ್ಮಲ್' ಎಂಬ ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿಯನ್ನು ಕೈಯಲ್ಲಿ ಹಿಡಿದು ಮನೆಗೆ ಮರಳಿದವರ ಬಗ್ಗೆ ಯಾರೂ ಬರೆಯುತ್ತಿಲ್ಲ. ಅವರಿಗೆ ಕಾದಿರುವ ಒಂದು ಅಪಾಯವನ್ನು ನನ್ನ ಮನೆಯಲ್ಲೇ ಕಂಡಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ದೀರ್ಘವಾಗಿದೆ. ದಯವಿಟ್ಟು ಪೂರ್ಣವಾಗಿ ಪ್ರಕಟಿಸಬೇಕೆಂದು ವಿನಂತಿ.

2021ರ ಮಳೆಗಾಲದಲ್ಲಿ ನನ್ನ ಪತಿಗೆ ಕೆಮ್ಮು ಶುರುವಾಯಿತು. ಮಲೆನಾಡಿನ ಮಳೆಗಾಲದಲ್ಲಿ ಕೆಮ್ಮನ್ನು ಯಾರೂ ದೊಡ್ಡದು ಮಾಡುವುದಿಲ್ಲ. ನಾವೂ ಕಷಾಯ ಕುಡಿಸಿ ಸುಮ್ಮನಿದ್ದೆವು. ನಂತರ ಮಹಡಿ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲತೊಡಗಿದರು. ಸಂಜೆಯ ಹೊತ್ತಿಗೆ ಪಾದ ಊದಿ ಚಪ್ಪಲಿಯ ಪಟ್ಟಿ ಹಾಕಲಾಗುತ್ತಿರಲಿಲ್ಲ, ಕಾಲಿನ ಮೇಲೆ ಬೆರಳೊತ್ತಿದರೆ ಗುಳಿ ಹಾಗೆಯೇ ಉಳಿಯುತ್ತಿತ್ತು. ಕೊನೆಗೆ ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆಂದು ರಾತ್ರಿಯೆಲ್ಲ ಆರಾಮ ಕುರ್ಚಿಯಲ್ಲಿ ಕುಳಿತು ಬೆಳಗು ಮಾಡುವ ಸ್ಥಿತಿ ಬಂದಾಗ ಶಿವಮೊಗ್ಗಕ್ಕೆ ಕರೆದೊಯ್ದೆವು. ಎಕೋ ಮಾಡಿದ ವೈದ್ಯರು ಪಂಪಿಂಗ್, ಅಂದರೆ ಹೃದಯ ರಕ್ತ ಹೊರದೂಡುವ ಪ್ರಮಾಣ, ಶೇ 25 ಮಾತ್ರ ಇದೆ ಎಂದರು. ಆಂಜಿಯೋಗ್ರಾಂನಲ್ಲಿ ಬ್ಲಾಕ್ ಇರಲಿಲ್ಲ. ಹೃದಯದ ಸ್ನಾಯುವೇ ಸೋತು ಹಿಗ್ಗಿತ್ತು. ಡೈಲೇಟೆಡ್ ಕಾರ್ಡಿಯೋಮಯೋಪಥಿ ಎಂಬ ಹೆಸರನ್ನು ಜೀವಶಾಸ್ತ್ರ ಪಾಠ ಮಾಡಿದ ನಾನೂ ಅಂದೇ ಮೊದಲ ಬಾರಿಗೆ ಗಂಭೀರವಾಗಿ ಓದಿದ್ದು.

ನಾಲ್ಕು ಬಗೆಯ ಮಾತ್ರೆಗಳನ್ನು ಚಿಕ್ಕ ಪ್ರಮಾಣದಲ್ಲಿ ಆರಂಭಿಸಿ, ಎರಡೆರಡು ವಾರಕ್ಕೊಮ್ಮೆ ಬಿ.ಪಿ., ಮೂತ್ರಪಿಂಡ ಮತ್ತು ಪೊಟ್ಯಾಸಿಯಂ ನೋಡಿಕೊಂಡು ಏರಿಸುತ್ತ ಬಂದರು. ಊತ ಇಳಿಯಿತು, ನಿದ್ದೆ ಮರಳಿತು, ಆರು ತಿಂಗಳಲ್ಲಿ ಪಂಪಿಂಗ್ 38ಕ್ಕೆ ಬಂತು. 2023ರ ಆರಂಭದಲ್ಲಿ ಮಾಡಿದ ಎಕೋದಲ್ಲಿ 52. ವರದಿಯ ಕೊನೆಯ ಸಾಲಿನಲ್ಲಿ ಹೃದಯದ ಎಡ ಹೃತ್ಕುಕ್ಷಿಯ ಕಾರ್ಯ ಸಹಜವಾಗಿದೆ ಎಂದು ಬರೆದಿತ್ತು. ಎರಡು ವರ್ಷದ ಹಿಂದೆ ಎಷ್ಟಿತ್ತು, ಈಗ ಹೇಗೆ ಏರಿತು ಎಂಬುದರ ಸುಳಿವೂ ಆ ಹಾಳೆಯಲ್ಲಿ ಇರಲಿಲ್ಲ. ನಾವು ಆ ದಿನ ಮನೆಯಲ್ಲಿ ಪಾಯಸ ಮಾಡಿದೆವು.

ಮಾತ್ರೆ ನಿಂತದ್ದು ಒಂದೇ ದಿನದಲ್ಲಲ್ಲ, ಒಬ್ಬರ ಮಾತಿನಿಂದಲೂ ಅಲ್ಲ. ಹಬ್ಬಕ್ಕೆ ಬಂದ ನಮ್ಮ ಭಾವನವರು ಮಾತ್ರೆಯ ಡಬ್ಬಿ ನೋಡಿ, "ನಿಂಗೆ ಬಿ.ಪಿ.ಯೂ ಇಲ್ಲ, ಶುಗರೂ ಇಲ್ಲ, ಇಷ್ಟೆಲ್ಲ ಯಾಕೆ ನುಂಗ್ತೀಯೋ" ಎಂದರು. ಅವರು ಕೇಳಿದ್ದು ತಮ್ಮನ ಮೇಲಿನ ಅಕ್ಕರೆಯಿಂದಲೇ. ಔಷಧ ಅಂಗಡಿಯ ಹುಡುಗ ಚೀಟಿ ನೋಡಿ, ಇದು ಬಿ.ಪಿ. ಮಾತ್ರೆ, ಇದು ಶುಗರ್ ಮಾತ್ರೆ ಎಂದು ತಿಳಿದದ್ದನ್ನು ಹೇಳಿದ. ಬೇರೊಂದು ಜ್ವರಕ್ಕೆಂದು ಹೋದಾಗ ಊರಿನ ವೈದ್ಯರೊಬ್ಬರು ಬಿ.ಪಿ. 100/70 ಇರುವುದನ್ನು ಕಂಡು, ಎಕೋ ಕೂಡ ಸರಿ ಇದೆಯಲ್ಲ, ಒಂದೊಂದಾಗಿ ಕಡಿಮೆ ಮಾಡಬಹುದು ಎಂದರು. ಕಿವಿಗೆ ಹಿತವಾದ ಮಾತನ್ನು ಯಾರು ತಾನೇ ಬೇಡವೆನ್ನುತ್ತಾರೆ? ಮೊದಲು ಶುಗರ್ ಮಾತ್ರೆ ಎನ್ನಿಸಿಕೊಂಡದ್ದು ನಿಂತಿತು, ತಿಂಗಳ ಮೇಲೆ ಇನ್ನೊಂದು, 2024ರ ಸಂಕ್ರಾಂತಿಯ ಹೊತ್ತಿಗೆ ಎಲ್ಲವೂ. ಮೂರು ತಿಂಗಳು ಅವರು ಬಹಳ ಲವಲವಿಕೆಯಿಂದಿದ್ದರು ಎಂಬುದನ್ನೂ ಹೇಳಬೇಕು, ಏಕೆಂದರೆ ಈ ಕಾಯಿಲೆ ಮೋಸ ಮಾಡುವುದು ಆ ಮೂರು ತಿಂಗಳಲ್ಲೇ.

ಮೇ ತಿಂಗಳ ಒಂದು ರಾತ್ರಿ ಅವರು ಎರಡನೆಯ ದಿಂಬು ಕೇಳಿದರು. ನಾನು ಏನೂ ಮಾತಾಡದೆ ಕೊಟ್ಟೆ, ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುವಾರ ಬೆರಳಿನ ಉಂಗುರ ಬಿಗಿಯಾಯಿತು. ಶಿವಮೊಗ್ಗದಲ್ಲಿ ಎಕೋ ಮಾಡಿದಾಗ ಪಂಪಿಂಗ್ 31ಕ್ಕೆ ಇಳಿದಿತ್ತು, ಹೃದಯ ಮತ್ತೆ ಹಿಗ್ಗಿತ್ತು. ಎಂಟು ದಿನ ಆಸ್ಪತ್ರೆಯಲ್ಲಿದ್ದು ಬಂದರು. ಅದೇ ಮಾತ್ರೆಗಳು ಮತ್ತೆ ಮೊದಲಿನಿಂದ ಶುರುವಾದವು. ಒಂದೂವರೆ ವರ್ಷದ ನಂತರ ಈಗ 44ರಲ್ಲಿದೆ. 52 ಇನ್ನೂ ಬಂದಿಲ್ಲ.

ಆ ಎಂಟು ದಿನಗಳಲ್ಲಿ ನಾನು ಓದಿದ್ದು, ವೈದ್ಯರನ್ನು ಕೇಳಿ ತಿಳಿದದ್ದು ಹಲವಾರು ಕುಟುಂಬಗಳಿಗೆ ಉಪಯೋಗಕ್ಕೆ ಬರಬಹುದು. ಮೊದಲನೆಯದಾಗಿ ಈ ಪಂಪಿಂಗ್ ಎಂಬ ಸಂಖ್ಯೆ. ವೈದ್ಯರು ಇದನ್ನು ಇಜೆಕ್ಷನ್ ಫ್ರ್ಯಾಕ್ಷನ್ ಅಥವಾ ಇಎಫ್ ಎನ್ನುತ್ತಾರೆ. ಹೃದಯದ ಎಡಭಾಗದ ಕೆಳಗಿನ ಕೋಣೆ ತುಂಬಿಕೊಂಡಾಗ ಅದರಲ್ಲಿದ್ದ ರಕ್ತದಲ್ಲಿ ಎಷ್ಟು ಪಾಲು ಒಂದು ಬಡಿತಕ್ಕೆ ಹೊರಹೋಗುತ್ತದೆ ಎಂಬ ಲೆಕ್ಕ ಅದು. ಆರೋಗ್ಯವಂತ ಹೃದಯವೂ ನೂರಕ್ಕೆ ನೂರು ಹೊರದೂಡುವುದಿಲ್ಲ. ಸುಮಾರು 50ರಿಂದ 70ರಷ್ಟನ್ನು ದೂಡಿ ಉಳಿದದ್ದನ್ನು ಒಳಗೇ ಇಟ್ಟುಕೊಳ್ಳುತ್ತದೆ. ಹಾಗಾಗಿ ಇದನ್ನು ಪರೀಕ್ಷೆಯ ಅಂಕದಂತೆ ಓದುವುದು ಸರಿಯಲ್ಲ. ಮೂವತ್ತು ವರ್ಷ ಅಂಕಪಟ್ಟಿಗೆ ಸಹಿ ಹಾಕಿದ ನನ್ನಂಥವಳಿಗೂ 25 ಎಂದರೆ ಫೇಲು, 52 ಎಂದರೆ ಪಾಸು ಎಂದೇ ಅನ್ನಿಸಿತ್ತು. ಪಾಸಾದ ಮೇಲೆ ಅದೇ ಪರೀಕ್ಷೆಗೆ ಮತ್ತೆ ಯಾರೂ ಓದುವುದಿಲ್ಲವಲ್ಲ. ಇದಲ್ಲದೆ ಎಕೋ ಯಂತ್ರದ ಮುಂದೆ ಕುಳಿತವರು ಬದಲಾದರೆ, ಒಮ್ಮೊಮ್ಮೆ ಅವರೇ ಎರಡು ಬಾರಿ ಅಳೆದರೂ, ನಾಲ್ಕೈದು ಅಂಕೆಗಳ ವ್ಯತ್ಯಾಸ ಬರುವುದು ಸಾಮಾನ್ಯ. ಒಂದೇ ಒಂದು ಸಂಖ್ಯೆಯನ್ನು ನೆಚ್ಚಿ ಒಂದು ಜೀವದ ಔಷಧವನ್ನು ನಿರ್ಧರಿಸಬಾರದು ಎಂಬುದಕ್ಕೆ ಇಷ್ಟೇ ಸಾಕು.

ಹೃದಯ ಶರೀರಕ್ಕೆ ಬೇಕಾದಷ್ಟು ರಕ್ತ ದೂಡಲಾಗದ ಈ ಸ್ಥಿತಿಗೆ ಹೃದಯ ವೈಫಲ್ಯ ಎನ್ನುತ್ತಾರೆ. ಅಮೆರಿಕ, ಯುರೋಪ್ ಮತ್ತು ಜಪಾನಿನ ಹೃದಯ ವೈಫಲ್ಯ ತಜ್ಞರ ಸಂಘಗಳು 2021ರಲ್ಲಿ ಒಟ್ಟಾಗಿ ಕುಳಿತು ಇಂಥ ರೋಗಿಗಳಿಗೆ ಪ್ರತ್ಯೇಕ ಹೆಸರನ್ನೇ ಕೊಟ್ಟವು. ಮೊದಲು ಇಎಫ್ 40 ಅಥವಾ ಅದಕ್ಕಿಂತ ಕಡಿಮೆ ಇದ್ದು, ನಂತರ ಕನಿಷ್ಠ 10 ಅಂಕೆಗಳಷ್ಟು ಏರಿ, 40ನ್ನು ದಾಟಿದವರನ್ನು 'ಇಎಫ್ ಸುಧಾರಿಸಿದ ಹೃದಯ ವೈಫಲ್ಯ' ಇರುವವರು ಎಂದು ಗುರುತಿಸಬೇಕೆಂದರು. ಇಲ್ಲಿ ಹೃದಯ ವೈಫಲ್ಯ ಎಂಬ ಪದವನ್ನು ಅವರು ಬಿಟ್ಟುಕೊಟ್ಟಿಲ್ಲ ಎಂಬುದನ್ನು ಗಮನಿಸಬೇಕು. ಚೇತರಿಸಿಕೊಂಡ ಅಥವಾ ಗುಣವಾದ ಹೃದಯ ವೈಫಲ್ಯ ಎಂಬ ಮಾತನ್ನೂ ಬಳಸಬೇಡಿ, ಕಾಯಿಲೆ ಸದ್ಯಕ್ಕೆ ಶಮನಗೊಂಡಿದೆ ಎನ್ನಿ ಎಂದು ಅವರೇ ಸೂಚಿಸಿದರು. ನಮ್ಮ ಹಳ್ಳಿಗಳಲ್ಲಿ ಸುಧಾರಿಸಿದೆ ಎಂಬುದಕ್ಕೂ ವಾಸಿಯಾಗಿದೆ ಎಂಬುದಕ್ಕೂ ಇರುವ ಅಂತರ ಎಲ್ಲರಿಗೂ ಗೊತ್ತು. "ಹೇಗಿದ್ದಾರೆ?" ಎಂದರೆ "ಸ್ವಲ್ಪ ಸುಧಾರಿಸಿದೆ" ಎನ್ನುವವರು ಮದ್ದು ಬಿಟ್ಟಿರುವುದಿಲ್ಲ. ಆಸ್ಪತ್ರೆಯ ಹಾಳೆಯಲ್ಲಿ ಈ ಅಂತರ ಕಾಣಿಸುತ್ತಿಲ್ಲ ಎಂಬುದೇ ನನ್ನ ದೂರು.

ಮಾತ್ರೆ ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ಊಹೆಗೆ ಬಿಡದೆ ಪರೀಕ್ಷಿಸಿಯೇ ನೋಡಿದ್ದಾರೆ. ಲಂಡನ್ನಿನ ರಾಯಲ್ ಬ್ರಾಂಪ್ಟನ್ ಆಸ್ಪತ್ರೆಯ ತಜ್ಞರ ನೇತೃತ್ವದಲ್ಲಿ ನಡೆದ ಟ್ರೆಡ್-ಎಚ್‌ಎಫ್ ಎಂಬ ಅಧ್ಯಯನದ ಫಲಿತಾಂಶ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ನನ್ನ ಪತಿಗಿದ್ದ ಕಾಯಿಲೆಯೇ ಇದ್ದು, ಇಎಫ್ 40ಕ್ಕಿಂತ ಕೆಳಗಿನಿಂದ 50 ಅಥವಾ ಅದಕ್ಕಿಂತ ಮೇಲಕ್ಕೇರಿ, ಹೃದಯದ ಗಾತ್ರವೂ ಸಹಜಕ್ಕೆ ಮರಳಿ, ರಕ್ತಪರೀಕ್ಷೆಯೂ ಚೆನ್ನಾಗಿದ್ದು, ಯಾವ ತೊಂದರೆಯೂ ಇಲ್ಲದೆ ಓಡಾಡಿಕೊಂಡಿದ್ದ 51 ಮಂದಿಯನ್ನು ಆರಿಸಿದರು. ಅವರಲ್ಲಿ 25 ಮಂದಿಗೆ ವೈದ್ಯರ ಕಣ್ಗಾವಲಿನಲ್ಲೇ ಔಷಧಗಳನ್ನು ಹಂತ ಹಂತವಾಗಿ ಇಳಿಸಿ ನಿಲ್ಲಿಸಲಾಯಿತು, 26 ಮಂದಿಗೆ ಮುಂದುವರಿಸಲಾಯಿತು. ಆರು ತಿಂಗಳಲ್ಲಿ, ನಿಲ್ಲಿಸಿದವರಲ್ಲಿ 11 ಮಂದಿಗೆ, ಅಂದರೆ ಶೇ 44ರಷ್ಟು ಜನಕ್ಕೆ, ಕಾಯಿಲೆ ಮರುಕಳಿಸಿತು. ಮುಂದುವರಿಸಿದವರಲ್ಲಿ ಒಬ್ಬರಿಗೂ ಮರುಕಳಿಸಲಿಲ್ಲ. ಆಮೇಲೆ ಆ ಎರಡನೆಯ ಗುಂಪಿನ 26ರಲ್ಲಿ 25 ಮಂದಿಗೂ ನಿಲ್ಲಿಸಿ ನೋಡಿದಾಗ ಒಂಬತ್ತು ಮಂದಿಗೆ ಮರುಕಳಿಸಿತು. ಕಣ್ಣಿಟ್ಟು ಕಾಯುತ್ತಿದ್ದುದರಿಂದ ಯಾರ ಪ್ರಾಣಕ್ಕೂ ಸಂಚಕಾರ ಬರಲಿಲ್ಲ. ನಮ್ಮ ಮನೆಯಲ್ಲಿ ಆ ಕಾವಲು ಇರಲಿಲ್ಲ.

ಇದು ಚಿಕ್ಕ ಅಧ್ಯಯನವೆಂಬುದನ್ನೂ, ಒಂದೇ ಬಗೆಯ ಹೃದ್ರೋಗದವರ ಮೇಲೆ ನಡೆದದ್ದೆಂಬುದನ್ನೂ ಮರೆಮಾಚಬಾರದು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಆರು ತಿಂಗಳಲ್ಲಿ ಏನೂ ಆಗಲಿಲ್ಲ ಎಂದು ಅದನ್ನೇ ತಿರುಗಿಸಿ ಓದುವವರೂ ಇದ್ದಾರೆ. ನನ್ನ ಮೈದುನ ಹಾಗೆಯೇ ವಾದಿಸಿದ. ಆದರೆ ಆ ಅದೃಷ್ಟವಂತರು ಯಾರೆಂದು ಮೊದಲೇ ಹೇಳಬಲ್ಲ ಖಚಿತವಾದ ಪರೀಕ್ಷೆ ವೈದ್ಯರ ಬಳಿ ಇಲ್ಲ, ಮತ್ತು ಆರು ತಿಂಗಳು ಎಂಬುದು ಒಂದು ಹೃದಯದ ಆಯುಸ್ಸಿನಲ್ಲಿ ಬಹಳ ಸಣ್ಣ ಅವಧಿ. 2022ರಲ್ಲಿ ಅಮೆರಿಕದ ಹೃದ್ರೋಗ ಸಂಘಗಳು ಹೊರಡಿಸಿದ ಮಾರ್ಗಸೂಚಿಯು ಇಎಫ್ ಸುಧಾರಿಸಿದವರಿಗೆ, ಯಾವ ಲಕ್ಷಣವೂ ಉಳಿದಿಲ್ಲದವರಿಗೂ ಸಹ, ಔಷಧ ಮುಂದುವರಿಸಬೇಕೆಂದು ತನ್ನ ಅತ್ಯುನ್ನತ ದರ್ಜೆಯ ಶಿಫಾರಸನ್ನೇ ಕೊಟ್ಟಿದೆ.

ಸರಿಯಾದಂತೆ ಕಾಣುವ ಹೃದಯ ಮತ್ತೆ ಏಕೆ ಸೋಲುತ್ತದೆ ಎಂಬುದು ಅರ್ಥವಾದರೆ ಮಾತ್ರೆ ನುಂಗುವುದು ಸುಲಭವಾಗುತ್ತದೆ. ಹೃದಯ ದುರ್ಬಲವಾದ ಕೂಡಲೇ ಶರೀರ ಅದನ್ನು ನೀರಿನ ಅಥವಾ ರಕ್ತದ ಕೊರತೆಯೆಂದು ತಪ್ಪಾಗಿ ತಿಳಿಯುತ್ತದೆ. ಆಗ ಅಡ್ರಿನಲಿನ್ ತರಹದ ರಾಸಾಯನಿಕಗಳನ್ನು ಸುರಿದು ಹೃದಯವನ್ನು ಚಾಟಿ ಬೀಸಿ ಓಡಿಸುತ್ತದೆ, ಮೂತ್ರಪಿಂಡಗಳ ಮೂಲಕ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ, ರಕ್ತನಾಳಗಳನ್ನು ಬಿಗಿಯುತ್ತದೆ. ಒಂದೆರಡು ದಿನಕ್ಕಾದರೆ ಇದು ಜೀವ ಉಳಿಸುವ ಉಪಾಯ, ತಿಂಗಳುಗಟ್ಟಲೆ ನಡೆದರೆ ಸ್ನಾಯುವನ್ನೇ ತಿಂದುಹಾಕುವ ಉಪದ್ರವ. ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ಕಾರ್ವೆಡಿಲಾಲ್‌ನಂಥ ಮಾತ್ರೆಗಳು ಆ ಚಾಟಿಯನ್ನು ತಡೆಯುತ್ತವೆ. ರಾಮಿಪ್ರಿಲ್, ಎನಾಲಾಪ್ರಿಲ್ ಅಥವಾ ಈಚಿನ ಸಾಕ್ಯುಬಿಟ್ರಿಲ್-ವಾಲ್ಸಾರ್ಟಾನ್ ಬಿಗಿದ ನಾಳಗಳನ್ನು ಸಡಿಲಿಸಿ ಹೃದಯ ಹಿಗ್ಗುವುದನ್ನು ತಡೆಯುತ್ತವೆ. ಸ್ಪೈರೊನೊಲ್ಯಾಕ್ಟೋನ್ ಸ್ನಾಯುವಿನಲ್ಲಿ ನಾರು ಬೆಳೆಯುವುದನ್ನು ಕಡಿಮೆ ಮಾಡುತ್ತದೆ. ಸಕ್ಕರೆ ಕಾಯಿಲೆಗೆಂದು ಹುಟ್ಟಿದ ಡಾಪಾಗ್ಲಿಫ್ಲೋಜಿನ್ ಮತ್ತು ಎಂಪಾಗ್ಲಿಫ್ಲೋಜಿನ್, ಸಕ್ಕರೆ ಕಾಯಿಲೆ ಇಲ್ಲದವರ ಹೃದಯ ವೈಫಲ್ಯಕ್ಕೂ ಪ್ರಯೋಜನಕಾರಿಯೆಂದು 2019 ಮತ್ತು 2020ರ ದೊಡ್ಡ ಅಧ್ಯಯನಗಳಲ್ಲಿ ಸಾಬೀತಾಗಿದೆ. ಇಎಫ್ ಸುಧಾರಿಸಿದವರನ್ನೂ ಸೇರಿಸಿಕೊಂಡು ಡಾಪಾಗ್ಲಿಫ್ಲೋಜಿನ್ ಮೇಲೆ ನಡೆದ 2022ರ ಡೆಲಿವರ್ ಅಧ್ಯಯನದಲ್ಲಿ ಅವರಿಗೂ ಅನುಕೂಲ ಕಂಡಿತು. ಭಾವನವರು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ: ಬಿ.ಪಿ. ಇಲ್ಲದವರಿಗೆ ಬಿ.ಪಿ. ಮಾತ್ರೆಯನ್ನೂ, ಶುಗರ್ ಇಲ್ಲದವರಿಗೆ ಶುಗರ್ ಮಾತ್ರೆಯನ್ನೂ ಕೊಟ್ಟದ್ದು ಹೃದಯಕ್ಕಾಗಿ.

ಈ ಎಲ್ಲ ಆಸರೆಯಿಂದ ಹೃದಯ ಕುಗ್ಗಿ ಸಹಜ ಗಾತ್ರಕ್ಕೆ ಬಂದರೂ ಒಳಗಿನ ಸ್ನಾಯು ಪೂರ್ತಿ ಮೊದಲಿನಂತಾಗಿರುವುದಿಲ್ಲ. ಗಾಯದ ನಾರು, ಜೀವಕೋಶಗಳ ಏರುಪೇರು ಬಹುಪಾಲು ಉಳಿದಿರುತ್ತವೆ. ಗೊನೆ ಹೊತ್ತು ಬಾಗಿದ ಬಾಳೆಗೆ ಕೋಲು ಆನಿಸಿ ನಿಲ್ಲಿಸಿದ ಮೇಲೆ ಗಿಡ ನೆಟ್ಟಗಾಯಿತೆಂದು ಗೊನೆ ಕಡಿಯುವ ಮೊದಲೇ ಕೋಲು ಕಿತ್ತುಕೊಳ್ಳುವವರು ನಮ್ಮ ತೋಟಗಳಲ್ಲಿ ಯಾರೂ ಇಲ್ಲ.

ಎಲ್ಲ ಹೃದಯ ವೈಫಲ್ಯವೂ ಒಂದೇ ಅಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಥೈರಾಯ್ಡ್ ಏರುಪೇರಿನಿಂದ, ಬಹುಕಾಲ ನಿಲ್ಲದೆ ವೇಗವಾಗಿ ಬಡಿದದ್ದರಿಂದ, ವಿಪರೀತ ಕುಡಿತದಿಂದ, ಕೆಲವು ಕ್ಯಾನ್ಸರ್ ಔಷಧಗಳಿಂದ, ವೈರಾಣು ಸೋಂಕಿನಿಂದ ಹೃದಯ ಸೋತವರಿರುತ್ತಾರೆ. ಮೂಲ ಕಾರಣ ಪೂರ್ತಿ ನಿವಾರಣೆಯಾದವರಲ್ಲಿ ಕೆಲವರಿಗೆ ಹೃದ್ರೋಗ ತಜ್ಞರು ಒಂದೊಂದೇ ಔಷಧವನ್ನು ಬಹಳ ಎಚ್ಚರಿಕೆಯಿಂದ ಇಳಿಸುವುದುಂಟು. ಅದು ಅವರ ತೀರ್ಮಾನ, ಎಕೋ ಮತ್ತು ರಕ್ತಪರೀಕ್ಷೆಗಳ ಮೇಲೆ ನಿಂತದ್ದು. ಊತ ಇಲ್ಲದವರಿಗೆ ಲಾಸಿಕ್ಸ್‌ನಂಥ ಮೂತ್ರದ ಮಾತ್ರೆಯನ್ನು ಕಡಿಮೆ ಮಾಡುವುದು ಅಥವಾ ನಿಲ್ಲಿಸುವುದೂ ಸಾಮಾನ್ಯ. ಅದನ್ನು ಕಂಡು ಉಳಿದವನ್ನೂ ಹಾಗೆಯೇ ಬಿಡಬಹುದೆಂದು ತಿಳಿಯಬಾರದು. ಮೆಟೊಪ್ರೊಲಾಲ್ ಮಾದರಿಯ ಮಾತ್ರೆಯನ್ನಂತೂ ದಿಢೀರನೆ ನಿಲ್ಲಿಸುವುದೇ ಅಪಾಯ.

ಹೆರಿಗೆಯ ಆಸುಪಾಸಿನಲ್ಲಿ ಹೃದಯ ಸೋಲುವ ಯುವತಿಯರ ಬಗ್ಗೆ ಪ್ರತ್ಯೇಕವಾಗಿ ಬರೆಯಬೇಕೆನಿಸಿದೆ. ಗರ್ಭದ ಕೊನೆಯ ತಿಂಗಳಲ್ಲೋ ಬಾಣಂತನದ ಮೊದಲ ಐದು ತಿಂಗಳಲ್ಲೋ ಬರುವ ಇದನ್ನು ಪೆರಿಪಾರ್ಟಂ ಕಾರ್ಡಿಯೋಮಯೋಪಥಿ ಎನ್ನುತ್ತಾರೆ. ಇವರಲ್ಲಿ ಅನೇಕರ ಇಎಫ್ ಒಂದೆರಡು ವರ್ಷದೊಳಗೆ ಸುಧಾರಿಸುತ್ತದೆ, ಅದು ಸಂತೋಷದ ಸಂಗತಿ. ಆದರೆ ಮುಂದಿನ ಬಸಿರಿನಲ್ಲಿ ಮರುಕಳಿಸುವ ಸಂಭವ, ಇಎಫ್ ಪೂರ್ತಿ ಸಹಜಕ್ಕೆ ಬಂದವರಲ್ಲೂ ಇರುತ್ತದೆ, ಬಾರದವರಲ್ಲಿ ಬಹಳ ಹೆಚ್ಚು. ಮೇಲೆ ಹೇಳಿದ ಔಷಧಗಳಲ್ಲಿ ರಾಮಿಪ್ರಿಲ್ ಗುಂಪಿನವು, ಸಾಕ್ಯುಬಿಟ್ರಿಲ್-ವಾಲ್ಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್, ಡಾಪಾಗ್ಲಿಫ್ಲೋಜಿನ್ ಇವು ಬಸುರಿಯರಿಗೆ ಸಲ್ಲದವು. ಹಾಗಾಗಿ ಇಂಥ ಹೆಣ್ಣುಮಗಳು ಇನ್ನೊಂದು ಮಗು ಬೇಕೆಂದು ಮನಸ್ಸು ಮಾಡುವ ಮೊದಲೇ ಹೃದ್ರೋಗ ತಜ್ಞರನ್ನೂ ಹೆರಿಗೆ ವೈದ್ಯರನ್ನೂ ಒಟ್ಟಿಗೆ ಕಾಣಬೇಕು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಅತ್ತೆ ಮನೆಯವರು, "ಡಾಕ್ಟರೇ ನಾರ್ಮಲ್ ಅಂದಮೇಲೆ ಇನ್ನೇನು ಹೆದರಿಕೆ" ಎಂದು ಒತ್ತಾಯಿಸುತ್ತಿದ್ದಾರೆಂದು ತಿಳಿದು ಅವರ ಮನೆಗೇ ಹೋಗಿ ಮಾತಾಡಿ ಬಂದೆ. ಆ ಮಾತನ್ನು ಆಡಬೇಕಾದವಳು ನಾನಲ್ಲ. ಆಸ್ಪತ್ರೆಯಿಂದ ಕಳಿಸುವಾಗಲೇ ಗಂಡನನ್ನೂ ಅತ್ತೆಯನ್ನೂ ಕೂರಿಸಿ ಹೇಳಬೇಕಾಗಿತ್ತು.

ಮಾತ್ರೆ ಮುಂದುವರಿಸುವುದೆಂದರೆ ಕಣ್ಣು ಮುಚ್ಚಿ ನುಂಗುವುದೂ ಅಲ್ಲ. ಇವು ಬಲವಾದ ಔಷಧಗಳು. ಕೆಲವು ತಿಂಗಳಿಗೊಮ್ಮೆ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತೋರಿಸುವ ರಕ್ತಪರೀಕ್ಷೆ), ಪೊಟ್ಯಾಸಿಯಂ ಪರೀಕ್ಷೆ ಬೇಕು. ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರಿಗೆ ಸುಸ್ತೆಂದು ದಿನಕ್ಕೆರಡು ಎಳನೀರು ಕುಡಿಸುವುದು ನಮ್ಮಲ್ಲಿ ಉಪಚಾರವೆನ್ನಿಸಿಕೊಂಡಿದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳವಾಗಿರುವುದರಿಂದ ವೈದ್ಯರನ್ನು ಕೇಳದೆ ಹಾಗೆ ಮಾಡಬಾರದು. ಮಂಡಿನೋವಿಗೆಂದು ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಿದರೆ ಮೂತ್ರಪಿಂಡಕ್ಕೂ ಹೃದಯಕ್ಕೂ ಒಟ್ಟಿಗೆ ಪೆಟ್ಟು. ವಾಂತಿ ಭೇದಿಯಾಗಿ ಊಟ ಸೇರದಿದ್ದಾಗ, ಶಸ್ತ್ರಚಿಕಿತ್ಸೆಗೆ ಮುನ್ನ, ದಿನವಿಡೀ ಉಪವಾಸ ಮಾಡುವಾಗ ಯಾವ ಮಾತ್ರೆಯನ್ನು ಎಷ್ಟು ದಿನ ತಡೆಹಿಡಿಯಬೇಕೆಂದು ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ತಲೆಸುತ್ತು ಬಂದರೆ ಮಾತ್ರೆ ಬಿಸಾಡುವ ಬದಲು ಪ್ರಮಾಣ ಬದಲಿಸಲು ಕೇಳಬೇಕು. ಎಕೋವನ್ನು ಸಾಧ್ಯವಾದಷ್ಟೂ ಒಂದೇ ಕಡೆ, ಆರು ತಿಂಗಳಿಗೋ ವರ್ಷಕ್ಕೋ ವೈದ್ಯರು ಹೇಳಿದಂತೆ ಮಾಡಿಸುತ್ತಿರಬೇಕು. ಚೆನ್ನಾಗಿದ್ದೇನೆಂದು ಅದನ್ನು ಬಿಡಬಾರದು.

ನಮ್ಮ ಮನೆಯ ಅಡುಗೆಕೋಣೆಯ ಗೋಡೆಯಲ್ಲಿ ತೂಗುಹಾಕಿದ ಕ್ಯಾಲೆಂಡರಿನ ಪ್ರತಿ ಚೌಕದಲ್ಲೂ ಈಗ ಪೆನ್ಸಿಲಿನಲ್ಲಿ ಒಂದು ಸಂಖ್ಯೆ ಇರುತ್ತದೆ: 61.4, 61.2, 61.5. ಬೆಳಿಗ್ಗೆ ಮೂತ್ರ ವಿಸರ್ಜನೆಯ ನಂತರ, ತಿಂಡಿಗೆ ಮುಂಚೆ ನೋಡಿದ ತೂಕ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಮೈ ತುಂಬಿಕೊಂಡದ್ದಲ್ಲ, ನೀರು ನಿಂತದ್ದು. ಉಬ್ಬಸ ಬರುವುದಕ್ಕೆ ಮೊದಲೇ ಇದು ಸುಳಿವು ಕೊಡುತ್ತದೆ. ಕಳೆದ ಶ್ರಾವಣದಲ್ಲಿ ಒಂದು ಮದುವೆಯ ಊಟದ ಮೇಲೆ, ಉಪ್ಪಿನಕಾಯಿ ಹಪ್ಪಳಗಳ ಎರಡು ದಿನದ ನಂತರ, ಚೌಕದಲ್ಲಿ 63.3 ಬಂದಿತ್ತು. ಫೋನು ಮಾಡಿದೆವು, ವೈದ್ಯರು ಮೂರು ದಿನ ಮೂತ್ರದ ಮಾತ್ರೆ ಕೊಡಲು ಹೇಳಿದರು, ತೂಕ ಇಳಿಯಿತು. ಆಸ್ಪತ್ರೆ ಸೇರುವುದು ತಪ್ಪಿತು.

ಇನ್ನು ಹಣದ ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು ಆಸ್ಪತ್ರೆಯಲ್ಲಿ ಮಲಗಿದಾಗ ಕೈಹಿಡಿಯುತ್ತದೆ, ಮನೆಯಲ್ಲಿ ದಿನವೂ ನುಂಗುವ ಮಾತ್ರೆಯ ಖರ್ಚನ್ನು ಕೊಡುವುದಿಲ್ಲ. ಹೀಗಾಗಿ ಕಾಯಿಲೆ ಉಲ್ಬಣಿಸಿದರೆ ಸರ್ಕಾರ ಸಾವಿರಾರು ರೂಪಾಯಿ ಕೊಡುತ್ತದೆ, ಉಲ್ಬಣಿಸದಂತೆ ತಡೆಯುವ ಮಾತ್ರೆಯನ್ನು ಮಾತ್ರ ಬಡವರೇ ಕೊಳ್ಳಬೇಕು. ದುಡಿಮೆ ಇಲ್ಲದ ತಿಂಗಳಲ್ಲಿ ಮೊದಲು ನಿಲ್ಲುವುದು, ತೊಂದರೆಯೇ ಇಲ್ಲದವನ ಮಾತ್ರೆ. ಮೆಟೊಪ್ರೊಲಾಲ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಹಳೆಯ, ಅಗ್ಗದ ಔಷಧಗಳು. ಡಾಪಾಗ್ಲಿಫ್ಲೋಜಿನ್‌ನ ಪೇಟೆಂಟ್ 2020ರಲ್ಲಿ, ಎಂಪಾಗ್ಲಿಫ್ಲೋಜಿನ್‌ನದು 2025ರಲ್ಲಿ ಮುಗಿದು ದೇಶೀ ಕಂಪನಿಗಳು ತಯಾರಿಸತೊಡಗಿದ ಮೇಲೆ ಅವುಗಳ ಬೆಲೆಯೂ ಬಹಳ ಇಳಿದಿದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿ.ಪಿ., ಶುಗರ್ ಮಾತ್ರೆಗಳನ್ನು ಉಚಿತವಾಗಿ ಕೊಡುವ ಕಿಟಕಿ ಈಗಾಗಲೇ ಇದೆ. ಹೃದಯ ವೈಫಲ್ಯದ ಈ ಔಷಧಗಳನ್ನೂ ತಜ್ಞರ ಚೀಟಿ ಇದ್ದವರಿಗೆ ಅದೇ ಕಿಟಕಿಯಲ್ಲಿ ಕೊಟ್ಟರೆ ಹೊಸ ಕಟ್ಟಡವೂ ಬೇಡ, ಹೊಸ ಇಲಾಖೆಯೂ ಬೇಡ.

ನಾನು ಕೇಳುತ್ತಿರುವುದು ಕೆಲವೇ ಮಂದಿಗಾಗಿ ಅಲ್ಲ. ದೇಶದ 53 ಆಸ್ಪತ್ರೆಗಳ 10,851 ರೋಗಿಗಳನ್ನು ಒಳಗೊಂಡ ರಾಷ್ಟ್ರೀಯ ಹೃದಯ ವೈಫಲ್ಯ ದಾಖಲಾತಿಯ ವರದಿಯಂತೆ ಅವರ ಸರಾಸರಿ ವಯಸ್ಸು ಸುಮಾರು 60. ಆಸ್ಪತ್ರೆಗೆ ದಾಖಲಾದ ಮೂರು ತಿಂಗಳೊಳಗೆ ಶೇ 14ರಷ್ಟು ಮಂದಿ ತೀರಿಕೊಂಡಿದ್ದರು. ಇಎಫ್ ಕುಸಿದವರಲ್ಲಿ ಮಾರ್ಗಸೂಚಿಯ ಪ್ರಕಾರ ಪೂರ್ಣ ಔಷಧ ಸಿಕ್ಕಿದ್ದು ಅರ್ಧಕ್ಕಿಂತ ಕಡಿಮೆ ಜನರಿಗೆ. ಸಿಕ್ಕಿ, ಅದರಿಂದ ಚೇತರಿಸಿಕೊಂಡವರು ಭಾಗ್ಯವಂತರು. ಅವರನ್ನು ಮಾಹಿತಿಯ ಕೊರತೆಯಿಂದ ಮತ್ತೆ ಕಳೆದುಕೊಳ್ಳುವುದು ನನಗೆ ಸಹಿಸಲಾಗದ ಸಂಗತಿ.

ವೈದ್ಯರ ಮೇಲೆ ಆರೋಪ ಹೊರಿಸುವುದು ನನ್ನ ಉದ್ದೇಶವಲ್ಲ. ನೂರಾರು ಜನ ಕಾಯುತ್ತಿರುವ ಹೊರರೋಗಿ ವಿಭಾಗದಲ್ಲಿ ಒಬ್ಬರಿಗೆ ಮೂರು ನಿಮಿಷ ಸಿಗುವುದೂ ಕಷ್ಟವೆಂದು ಬಲ್ಲೆ. ಆದ್ದರಿಂದಲೇ ಬರಹದಲ್ಲಿ ಇರಬೇಕು ಎನ್ನುತ್ತೇನೆ. ಡಿಸ್ಚಾರ್ಜ್ ಸಾರಾಂಶದ ಜೊತೆ ಒಂದು ಪುಟ ಕನ್ನಡದಲ್ಲಿ ಕೊಡಲಿ. ಯಾವ ಮಾತ್ರೆ ಹೃದಯಕ್ಕೆ ಯಾವ ಕಾರಣಕ್ಕೆ ಎಂದು ಎದುರಿಗೇ ಬರೆದಿರಲಿ, ಬಿ.ಪಿ. ಮಾತ್ರೆ, ಶುಗರ್ ಮಾತ್ರೆ ಎಂಬ ಗೊಂದಲ ಅಲ್ಲೇ ಕೊನೆಯಾಗುತ್ತದೆ. ಮನೆ ಮನೆಗೆ ಬಂದು ಬಿ.ಪಿ., ಶುಗರ್ ನೋಡುವ ಗೃಹ ಆರೋಗ್ಯ ಯೋಜನೆಯ ಸಿಬ್ಬಂದಿ, ಹಿಂದೆ ಹೃದಯದ ಪಂಪಿಂಗ್ ಕಡಿಮೆಯಾಗಿತ್ತೇ, ಮಾತ್ರೆ ನಿಲ್ಲಿಸಿದ್ದೀರಾ ಎಂಬ ಎರಡು ಪ್ರಶ್ನೆ ಹೆಚ್ಚು ಕೇಳಲಿ. ಪತ್ರಿಕೆಗಳೂ ಚೇತರಿಸಿಕೊಂಡವರ ಕಥೆ ಬರೆಯುವಾಗ 'ಸಂಪೂರ್ಣ ಗುಣಮುಖ' ಎಂಬ ಶೀರ್ಷಿಕೆ ಕೊಡುವ ಮುನ್ನ ಅವರು ಇನ್ನೂ ಯಾವ ಔಷಧದಲ್ಲಿದ್ದಾರೆಂದು ವಿಚಾರಿಸಲಿ.

ಎಕೋ ವರದಿಯನ್ನು ಸಿದ್ಧಪಡಿಸುವ ಆಸ್ಪತ್ರೆಗಳಲ್ಲಿ ಮತ್ತು ಲ್ಯಾಬುಗಳಲ್ಲಿ ನನ್ನದೊಂದೇ ಪ್ರಾರ್ಥನೆ. ಹಳೆಯ ವರದಿ ತಂದವರಿಗೆ, ಈಗಿನ ಇಎಫ್ ಪಕ್ಕದಲ್ಲಿ ಹಿಂದಿನ ಇಎಫ್ ಮತ್ತು ಅದರ ತಾರೀಖನ್ನೂ ಮುದ್ರಿಸಿ, ಕೆಳಗೆ ದಪ್ಪ ಅಕ್ಷರದಲ್ಲಿ ಈ ಸಾಲನ್ನು ಸೇರಿಸಿ: 'ಈ ಸುಧಾರಣೆ ಔಷಧ ಚಿಕಿತ್ಸೆಯಲ್ಲಿರುವಾಗ ಕಂಡುಬಂದದ್ದು, ನಿಮ್ಮ ಹೃದ್ರೋಗ ತಜ್ಞರನ್ನು ಕೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.' 2023ರ ಆ ಹಾಳೆಯಲ್ಲಿ ಈ ಸಾಲು ಇದ್ದಿದ್ದರೆ ನಾನು ಅದನ್ನೇ ಭಾವನವರಿಗೆ ತೋರಿಸುತ್ತಿದ್ದೆ.

ಇತಿ,
ಒಬ್ಬ ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ
ತೀರ್ಥಹಳ್ಳಿ